ಬಲ್ಬ್ ಮೇಡಂ

ನಿನ್ನೆ ನಮ್ಮ ಕಾಲೇಜಿನಲ್ಲಿ ಅವರಿಗೆ ನುಡಿನಮನ. ವೇದಿಕೆಯ ಮೇಲೆ ಅವರ ಫೋಟೊ, ಅದಕ್ಕೊಂದು ಮಲ್ಲಿಗೆ ಮಾಲೆ. ಮಾತಾಡಿದವರೆಲ್ಲ ಒಬ್ಬರ ಹಿಂದೆ ಒಬ್ಬರು ಅವರನ್ನು ಶಾಂತಮೂರ್ತಿ ಮಾಡಿದರು. ಸದಾ ನಗುಮುಖ, ಮಿತಭಾಷಿ, ಯಾರಿಗೂ ಒಂದು ಗಟ್ಟಿ ಮಾತು ಆಡಿದವರಲ್ಲ ಎಂದರು. ನಾನು ಎರಡನೇ ಸಾಲಿನಲ್ಲಿ ಕೂತು ಕೇಳುತ್ತಿದ್ದೆ. ಇವರು ಹೇಳುತ್ತಿರುವುದು ಯಾರ ಬಗ್ಗೆ ಎಂದು ಪಕ್ಕದವರನ್ನು ಕೇಳಬೇಕೆನಿಸಿತು.

ನಾನು ಕಂಡ ಹೆಂಗಸು ಸಿಟ್ಟಿನವರು. ಬೆಳಿಗ್ಗೆ ನೆಲ್ಯಾಡಿ ಕಡೆಯ ಬಸ್ಸಿನಿಂದ ಪುತ್ತೂರಿನಲ್ಲಿ ಇಳಿಯುವಾಗಲೇ ಸಿಟ್ಟು, ಸಂಜೆ ಹತ್ತುವಾಗಲೂ ಸಿಟ್ಟು. ಆ ಸಿಟ್ಟಿಗೆ ಕಾರಣವಿತ್ತು. ಆ ಕಾರಣವನ್ನು ಬಲ್ಲವರೇ ನಿನ್ನೆ ವೇದಿಕೆಯ ಮೇಲೆ ಕೂತಿದ್ದರು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಎಂ.ಎ. ಓದುವ ಕಾಲದಿಂದ ನನಗೆ ದಿನಚರಿ ಬರೆಯುವ ಚಟ. ಅದರಿಂದ ಕಲಿತದ್ದೆಂದರೆ ನನ್ನ ನೆನಪನ್ನು ನಂಬಬಾರದು ಎನ್ನುವುದು. ಜೋರು ಜಗಳ ಎಂದು ನೆನಪಿರುವ ದಿನದ ಪುಟದಲ್ಲಿ 'ಮಧ್ಯಾಹ್ನ ತಲೆನೋವು' ಎಂದಷ್ಟೇ ಇರುತ್ತದೆ. ಹಾಗಾಗಿ ಇಲ್ಲಿ ಅವರ ಬಾಯಿಯಲ್ಲಿ ಬರುವ ಮಾತುಗಳಲ್ಲಿ ಕೆಲವು ನಾನು ತಿದ್ದಿದ್ದಾಗಿರಬಹುದು. ಸತ್ತವರನ್ನು ವೇದಿಕೆಯವರು ಸಿಹಿ ಮಾಡಿದಂತೆ ನಾನು ಖಾರ ಮಾಡುತ್ತಿರಬಹುದೇ? ಇರಬಹುದು. ಆದರೆ ಬಲ್ಬು ನನ್ನ ಕಲ್ಪನೆಯಲ್ಲ. ಅದು ಈಗಲೂ ನನ್ನ ಮೇಜಿನ ಮೇಲಿದೆ.

ಒಂದು ಹೋಲ್ಡರು, ಅದರಲ್ಲೊಂದು ಹಳೆಯ ಕಾಲದ ತಂತಿ ಬಲ್ಬು, ಹೋಲ್ಡರಿನಿಂದ ಹೊರಟ ಎರಡು ವಯರು, ಅವುಗಳ ತುದಿಗೆ ಹಿಡಿ ಇರುವ ಎರಡು ಮೊಳೆ. ಇದನ್ನು ಅವರು ಊಟದ ಡಬ್ಬಿಯ ಪಕ್ಕದಲ್ಲಿ, ಟವೆಲಿನಲ್ಲಿ ಸುತ್ತಿ ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಮಕ್ಕಳು ಬಲ್ಬ್ ಮೇಡಂ ಎಂದು ಹೆಸರಿಟ್ಟದ್ದು ಇದರಿಂದಲೇ. ಎಲ್ಲಿ ಹೋದರೂ ಮೊದಲು ಗೋಡೆಯ ಪ್ಲಗ್ಗಿನ ಬುಡಕ್ಕೆ ಹೋಗಿ, ಬಲಗಡೆಯ ತೂತಿಗೆ ಒಂದು ಮೊಳೆ, ಮೇಲಿನ ದೊಡ್ಡ ತೂತಿಗೆ ಇನ್ನೊಂದು ಮೊಳೆ ಇಡುವರು. ಇಡುವ ಮೊದಲು ಮನೆಯವರೆಲ್ಲ ಬೆಚ್ಚುವಂತೆ ಒಂದು ಕೂಗು: "ಯಾರೂ ಎಂತದೂ ಮುಟ್ಬೇಡಿ!"

ಬಲ್ಬು ಉರಿದರೆ ಅರ್ತ್, ಎಂದರೆ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ತಂತಿ, ಸರಿಯಿದೆ ಎಂದು. ಉರಿಯದಿದ್ದರೆ ಇಲ್ಲವೆಂದು. ಉರಿಯದ ಮನೆಯಲ್ಲಿ ಅವರು ಚಹಾ ಕುಡಿಯುತ್ತಿರಲಿಲ್ಲ.

ನಮ್ಮ ಮನೆಗೆ ಮೊದಲ ಸಲ ಬಂದಾಗಲೂ ಹಾಗೇ. ನನ್ನ ಅತ್ತೆ ಬಾಳೆಹಣ್ಣಿನ ಹಲ್ವ ತಟ್ಟೆಯಲ್ಲಿಟ್ಟು ನಿಂತಿದ್ದರು. ಇವರು ಫ್ರಿಜ್ಜಿನ ಹಿಂದೆ ಬಗ್ಗಿದ್ದರು.

"ಎಂತ ಹುಡುಕುದು ಅವ್ರು? ಹಲ್ಲಿಯಾ?" ಎಂದು ಅತ್ತೆ ನನ್ನನ್ನು ಕೇಳಿದರು.

ಇವರು ಅಲ್ಲಿಂದಲೇ ಹೇಳಿದರು, "ಹಲ್ಲಿಯಾದ್ರೆ ಅದೊಂದೇ ಸಾಯ್ತಿತ್ತು ಅಮ್ಮ. ಇದು ಹಾಗಲ್ಲ."

ಬಲ್ಬು ಉರಿಯಿತು. ಎದ್ದು, ಸೆರಗು ಕೊಡವಿ, ಹಲ್ವ ತಿಂದರು. ಆ ಸೆರಗಿನ ತುದಿಯಲ್ಲಿ ಯಾವಾಗಲೂ ಒಂದು ಸಣ್ಣ ಸುಟ್ಟ ತೂತು ಇರುತ್ತಿತ್ತು. ಬೆಸುಗೆ ಹಾಕುವ ಸೋಲ್ಡರಿಂಗ್ ಕಡ್ಡಿ ತಾಗಿ ಆದದ್ದು. ಸೀರೆ ಬದಲಾದರೂ ತೂತು ಬದಲಾಗುತ್ತಿರಲಿಲ್ಲ ಎಂದು ನೆನಪು. ಇದು ಉತ್ಪ್ರೇಕ್ಷೆ ಇರಬೇಕು.

ಅವರು ಪಿಯುಸಿಗೆ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದರು, ನಾನು ಕನ್ನಡ. ಸ್ಟಾಫ್ ರೂಮಿನಲ್ಲಿ ಕ್ರಿಕೆಟ್ಟಿನ ಗದ್ದಲವೆಂದು ನಾನು ಉತ್ತರಪತ್ರಿಕೆಗಳನ್ನು ಹೊತ್ತುಕೊಂಡು ಅವರ ಲ್ಯಾಬಿನ ಹಿಂದಿನ ಬೆಂಚಿಗೆ ಹೋಗಿ ಕೂರುತ್ತಿದ್ದೆ. ಹಾಗಾಗಿ ಅವರ ಪಾಠ ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ವರ್ಷದ ಮೊದಲ ತರಗತಿಗೆ ಒಂದು ಸೊಳ್ಳೆ ಬ್ಯಾಟು ತರುತ್ತಿದ್ದರು. ಅದನ್ನು ಎಲ್ಲರ ಎದುರು ಬಿಚ್ಚಿ ಮೇಜಿನ ಮೇಲೆ ಹರಡುವರು.

"ನೋಡಿ. ಇಡೀ ಪುಸ್ತಕ ಇದರೊಳಗೆ ಉಂಟು. ಇದು ಬ್ಯಾಟರಿ, ಕೊಡುವವ. ಇದು ರೆಸಿಸ್ಟರ್, ಸ್ವಲ್ಪ ತಡಿ ಮಾರಾಯ ಅಂತ ಹೇಳುವವ. ಇದು ಟ್ರಾನ್ಸಿಸ್ಟರ್, ಸಣ್ಣ ಬೆರಳಿನಲ್ಲಿ ದೊಡ್ಡ ಗೇಟು ತೆಗ್ದು ಹಾಕಿ ಮಾಡುವವ. ಇದು ಕೆಪ್ಯಾಸಿಟರ್, ಕೂಡಿಟ್ಟು ಒಮ್ಮೆಲೇ ಕೊಡುವವ. ಸ್ವಿಚ್ ಆಫ್ ಮಾಡಿದ್ದೇನೆ ಅಂತ ಹೇಳಿದವನನ್ನು ನಂಬಬೇಡಿ. ಇವನ ಹೊಟ್ಟೆಯಲ್ಲಿ ಇನ್ನೂ ಇರ್ತದೆ."

ಹೀಗೆಂದು ಕೆಪ್ಯಾಸಿಟರಿನ ಎರಡು ಕಾಲಿಗೆ ಸ್ಕ್ರೂಡ್ರೈವರ್ ಅಡ್ಡ ಇಡುವರು. ಚಟ್ ಎಂದು ಕಿಡಿ. ಹಿಂದಿನ ಬೆಂಚಿನಲ್ಲಿ ನಾನೂ ಬೆಚ್ಚುತ್ತಿದ್ದೆ, ಪ್ರತಿ ವರ್ಷ.

ಒಬ್ಬ ಹುಡುಗಿ ಡಯೋಡ್ ಎಂದರೇನು ಎಂದು ಕೇಳಿದಳು. "ನಮ್ಮ ಸಂಚಾಲಕರ ಹಾಗೆ," ಎಂದರು. ನಮ್ಮ ಕಾಲೇಜಿನ ಆಡಳಿತವನ್ನೆಲ್ಲ ನೋಡಿಕೊಳ್ಳುವವರು ಸಂಚಾಲಕರು. "ಮಾತು ಅವರಿಂದ ನಮ್ಗೆ ಬರ್ತದೆ. ನಮ್ಮಿಂದ ಅವರಿಗೆ ಹೋಗುದಿಲ್ಲ."

"ತುಂಬ ಒತ್ತಿದ್ರೆ ಮೇಡಂ?"

"ತುಂಬ ಒತ್ತಿದ್ರೆ ಸುಟ್ಟು ಹೋಗ್ತದೆ. ಆಮೇಲೆ ಎರಡೂ ಕಡೆಗೆ ಹೋಗ್ತದೆ, ಆದ್ರೆ ಅದು ಮತ್ತೆ ಡಯೋಡ್ ಅಲ್ಲ."

ಅವರ ಬೈಗುಳಗಳಲ್ಲಿ ಅತಿ ಕೆಟ್ಟದ್ದು 'ಡ್ರೈ ಸೋಲ್ಡರ್'. ಬೆಸುಗೆ ಸರಿಯಾಗಿ ಕರಗದೆ, ಮೇಲಿನಿಂದ ನೋಡಲು ಹೊಳೆಯುತ್ತಾ ಒಳಗೆ ಹಿಡಿದೇ ಇರದ ಜೋಡಣೆ. ಕೆಲಸ ಮಾಡಿದಂತೆ ತೋರಿಸುವವರು, ಹೌದು ಹೌದು ಎಂದು ತಲೆಯಾಡಿಸಿ ಮರೆಯುವವರು ಎಲ್ಲರೂ ಡ್ರೈ ಸೋಲ್ಡರ್. ನಿನ್ನೆಯ ಭಾಷಣಗಳಿಗೆ ನನಗೆ ಬೇರೆ ಹೆಸರು ಸಿಗಲಿಲ್ಲ.

ಈಗ ಆ ಸಿಟ್ಟಿನ ಕಾರಣ.

ನಮ್ಮ ಕಡೆಯ ಸಿಡಿಲು ಗೊತ್ತಿರುವವರಿಗೆ ನಾನು ಹೇಳಬೇಕಾಗಿಲ್ಲ. ಮಳೆಗಾಲಕ್ಕೆ ಮೊದಲು ಮತ್ತು ನಂತರ, ಮಧ್ಯಾಹ್ನ ಕಳೆದು ಸುಬ್ರಹ್ಮಣ್ಯದ ಘಾಟಿಯ ಕಡೆ ಆಕಾಶ ಕಪ್ಪಾದರೆ ಸುಳ್ಯದಿಂದ ಪುತ್ತೂರಿನವರೆಗೆ ಮನೆಮನೆಯಲ್ಲೂ ಒಂದೇ ಕೆಲಸ: ಪ್ಲಗ್ ಕೀಳುವುದು. ಟಿವಿ, ಫ್ರಿಜ್ಜು, ಪಂಪು, ಇಂಟರ್ನೆಟ್ಟಿನ ಡಬ್ಬಿ. ಮದುವೆ ಮನೆಯಲ್ಲೂ ಊಟ ಬಿಟ್ಟು ಎದ್ದು ಹೋಗಿ ಕೀಳುತ್ತಾರೆ. ನಮ್ಮ ಕಾಲೇಜಿನಲ್ಲಿ ಇದಕ್ಕೆ ಬೇರೆಯೇ ಬೆಲ್ ಇತ್ತು. ಎರಡು ಗಿಡ್ಡ, ಒಂದು ಉದ್ದ. ಬೆಲ್ ಆದರೆ ಅಟೆಂಡರ್ ಕುಸುಮಕ್ಕ ಸೀರೆ ಎತ್ತಿ ಕಟ್ಟಿ ಕೋಣೆಯಿಂದ ಕೋಣೆಗೆ ಓಡುತ್ತಿದ್ದರು. ಮೇಡಂಗೆ ಇದರ ಮೇಲೆ ಸಿಟ್ಟಿರಲಿಲ್ಲ. "ಇದೊಂದು ಸರಿ ಮಾಡ್ತಾರೆ ನಮ್ಮವರು," ಎನ್ನುತ್ತಿದ್ದರು.

ಒಂದು ಬೇಸಿಗೆಯ ರಜೆಯಲ್ಲಿ ಕಾಲೇಜಿನ ಹಿಂದಿನ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ರಜೆಯಾದ್ದರಿಂದ ಪ್ಲಗ್ ಕೀಳುವವರು ಇರಲಿಲ್ಲ. ಕಂಪ್ಯೂಟರ್ ಲ್ಯಾಬಿನಲ್ಲಿ ಹಲವು ಕಂಪ್ಯೂಟರುಗಳು ಸುಟ್ಟವು. ಆ ತೆಂಗಿನ ಮರದ ಹತ್ತಿರದಲ್ಲೇ ಅರ್ತಿನ ಹೊಂಡ ಇತ್ತು: ಕೆಂಪು ಮುರಕಲ್ಲಿನ ಗಟ್ಟಿ ನೆಲದಲ್ಲಿ ಅಗೆದು, ಇದ್ದಿಲು, ಉಪ್ಪು ತುಂಬಿಸಿ, ನಡುವೆ ಕಬ್ಬಿಣದ ಪೈಪು ನಿಲ್ಲಿಸಿದ್ದು. ಕಟ್ಟಡದ ಎಲ್ಲ ಪ್ಲಗ್ಗುಗಳ ಮೂರನೆಯ ತೂತಿನ ತಂತಿ ಒಟ್ಟಾಗಿ ಬಂದು ಸೇರುವುದು ಆ ಪೈಪಿಗೆ. ನೋಡಲು ಬಂದ ಎಲೆಕ್ಟ್ರಿಷಿಯನ್ ಮರ ನೋಡಿದ, ಹೊಂಡ ನೋಡಿದ, ತೀರ್ಪು ಕೊಟ್ಟ: "ಸಿಡಿಲು ಅರ್ತಿನಿಂದ್ಲೇ ಮೇಲೆ ಹತ್ತಿದ್ದು ಸರ್. ಅರ್ತ್ ಇದ್ರೆ ಅದು ಸಿಡಿಲನ್ನು ಎಳೀತದೆ." ಹಾಗೆಂದು ಪೈಪಿನ ಹತ್ತಿರ ತಂತಿಯನ್ನು ಕತ್ತರಿಸಿ, ತುದಿಗೆ ಟೇಪು ಸುತ್ತಿ, ಗೋಡೆಯ ಬದಿಗೆ ಮಡಚಿಟ್ಟು ಹೋದ.

ಅವನೊಬ್ಬನನ್ನು ಬೈದು ಪ್ರಯೋಜನವಿಲ್ಲ. ಈ ನಂಬಿಕೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದೆ. ಸಿಡಿಲಿಗೆ ಟಿವಿ ಕಳೆದುಕೊಂಡವರು ಮೊದಲು ಅರ್ತ್ ತಂತಿಯನ್ನೇ ಕೀಳುತ್ತಾರೆ, ಕಳ್ಳ ಬಂದ ಬಾಗಿಲು ಸಿಕ್ಕಿತೆಂಬ ಸಮಾಧಾನದಲ್ಲಿ.

ಕಾಲೇಜು ಶುರುವಾದ ಮೇಲೆ ಮೇಡಂಗೆ ಇದು ಗೊತ್ತಾದದ್ದು ಮಕ್ಕಳಿಂದ. "ಮೇಡಂ, ಮೆಷೀನ್ ಜುಮ್ ಅಂತದೆ." ಅಲೆಗಳನ್ನು ತೋರಿಸುವ ಯಂತ್ರದ ಲೋಹದ ಮೈ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಅವರು ಕೈಯ ಹಿಂಬದಿಯಿಂದ ಮುಟ್ಟಿ ನೋಡಿದರು. ಮುಟ್ಟಲೇಬೇಕಾದರೆ ಹಾಗೇ ಎಂದು ಕಲಿಸುತ್ತಿದ್ದರು. ಅಂಗೈಯಿಂದ ಮುಟ್ಟಿದರೆ ಸ್ನಾಯು ಬಿಗಿದು ಬೆರಳು ಅಪ್ಪಿಕೊಳ್ಳುತ್ತದೆ, ಬಿಡಲು ಆಗುವುದಿಲ್ಲ. ಹಿಂಬದಿಯಾದರೆ ಕೈ ತಾನಾಗಿ ದೂರ ಹಾರುತ್ತದೆ. ಆಮೇಲೆ ಬಲ್ಬು ತೆಗೆದರು. ಕೂಗು ಹಾಕಿದರು. ಬಲ್ಬು ಉರಿಯಲಿಲ್ಲ.

ಆ ದಿನ ಅವರು ನನಗೆ ವಿವರಿಸಿದ್ದನ್ನು ನಾನು ಅರ್ಥ ಮಾಡಿಕೊಂಡಷ್ಟು ಬರೆಯುತ್ತೇನೆ. ಪ್ರತಿ ಕಂಪ್ಯೂಟರಿನ ವಿದ್ಯುತ್ ಡಬ್ಬಿಯೊಳಗೆ ಒಂದೆರಡು ಪುಟ್ಟ ಕೆಪ್ಯಾಸಿಟರುಗಳಿರುತ್ತವೆ. ಅವು ಚೂರುಚೂರು ಕರೆಂಟನ್ನು ಮೂರನೆಯ ತಂತಿಗೆ ಬಿಡುತ್ತಲೇ ಇರುತ್ತವೆ. ಅದು ನೆಲಕ್ಕೆ ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ತಂತಿ ನೆಲ ಮುಟ್ಟದಿದ್ದರೆ? ಆಗ ಪಕ್ಕದ ಕೋಣೆಯ ಎಲ್ಲ ಕಂಪ್ಯೂಟರುಗಳ ಚೂರುಗಳು ಒಟ್ಟಾಗಿ, ಒಂದೇ ತಂತಿಗೆ ಸೇರಿಕೊಂಡ ಎಲ್ಲ ಯಂತ್ರಗಳ ಮೈಮೇಲೆ ಬಂದು ಕೂರುತ್ತವೆ.

"ಇದು ಜುಮ್ ಅಷ್ಟೇ ಟೀಚರೇ," ಎಂದರು. ಕೇರಳದಿಂದ ಬಂದು ರಬ್ಬರ್ ತೋಟ ಹಾಕಿ ನೆಲೆಯಾದ ಮನೆಯವರು ಅವರು, ನನ್ನನ್ನು ಟೀಚರೇ ಎನ್ನುತ್ತಿದ್ದರು, ಆಮೇಲೆ ಉಳಿದವರಿಗೂ ಅದೇ ಅಭ್ಯಾಸವಾಯಿತು. "ಇಷ್ಟರಲ್ಲಿ ಯಾರೂ ಸಾಯುದಿಲ್ಲ. ಆದ್ರೆ ನಾಳೆ ಎಲ್ಲಿಯೋ ಒಂದು ಕಡೆ ಒಳಗಿನ ವಯರು ಸವೆದು ಮೈಗೆ ತಾಗ್ತದೆ ಅಂತ ಇಟ್ಟುಕೊಳ್ಳಿ. ಅರ್ತ್ ಇದ್ರೆ ಟಪ್ ಅಂತ ಟ್ರಿಪ್ ಆಗಿ ಕರೆಂಟು ಹೋಗ್ತದೆ, ಮುಗೀತು. ಈಗ ಹೋಗುದಿಲ್ಲ. ಯಾರಾದ್ರೂ ಬಂದು ಮುಟ್ಟುವವರೆಗೆ ಕಾಯ್ತದೆ."

ಅಲ್ಲಿಂದ ಅವರಿಗೆ ಬೇಕಾದದ್ದು ಒಂದೇ. ಕಾಯುತ್ತಿರುವುದಕ್ಕೆ ಮನುಷ್ಯ ಸಿಗುವ ಮೊದಲು ಆ ತಂತಿ ನೆಲ ಮುಟ್ಟಬೇಕು.

ಸಂಚಾಲಕರು ಎಲೆಕ್ಟ್ರಿಷಿಯನ್ನನ್ನು ಕರೆಸಿದರು. ವರಾಂಡದಲ್ಲಿ ಎಲ್ಲರೂ ಸೇರಿದೆವು. ಮೇಡಂ ಮೊಳೆಗಳನ್ನು ತೂತಿಗೆ ಇಟ್ಟು ತೋರಿಸಿದರು.

"ಮೇಡಂ, ನಿಮ್ಮ ಬಲ್ಬ್ ಹೋಗಿರ್ಬೇಕು," ಎಂದ ಅವನು. ಎಲ್ಲರೂ ನಕ್ಕರು.

ಅವರು ಮೇಲಿನ ತೂತಿನ ಮೊಳೆಯನ್ನು ತೆಗೆದು ಎಡಗಡೆಯ ತೂತಿಗೆ ಇಟ್ಟರು. ಬಲ್ಬು ಝಗ್ಗೆಂದು ಉರಿಯಿತು. "ಹೋದದ್ದು ನನ್ನ ಬಲ್ಬಾ?" ಎಂದರು.

ಅವನ ಮುಖ ಸಣ್ಣದಾಯಿತು, ಆದರೆ ಸೋಲಲಿಲ್ಲ. "ಆಯ್ತು, ಅರ್ತ್ ಕೊಡುವಾ. ನಾಳೆ ಸಿಡಿಲು ಬಂದು ಪುನಃ ಕಂಪ್ಯೂಟರ್ ಹೋದ್ರೆ ಮೇಡಂ ನೋಡಿಕೊಳ್ತಾರಾ?"

"ಪಕ್ಕದಲ್ಲಿ ಸಿಡಿಲು ಬಿದ್ರೆ ನೆಲದಿಂದ್ಲೂ ಏಟು ಬರ್ತದೆ, ಇಲ್ಲ ಅಂತ ನಾನು ಹೇಳುದಿಲ್ಲ. ಅದಕ್ಕೆ ಪ್ಲಗ್ ಕೀಳುದು. ಸಿಡಿಲು ತಡೆಯುವ ಡಬ್ಬಿ ಸಿಗ್ತದೆ, ಅದನ್ನು ಹಾಕ್ಸುದು. ಬೆಕ್ಕು ಬಿತ್ತು ಅಂತ ಬಾವಿ ಮುಚ್ಚುದಾ ಮಾರಾಯ?"

ಸಂಚಾಲಕರು ಇಬ್ಬರ ನಡುವೆ ಕೈ ಚಾಚಿ, "ಬಿಡಿ, ನೋಡುವಾ," ಎಂದರು. ನಮ್ಮೂರಿನ ಈ 'ನೋಡುವಾ'ದಲ್ಲಿ ಎಷ್ಟು ಕೆಲಸಗಳು ಮಣ್ಣಾಗಿವೆಯೋ. ಅರ್ಥಶಾಸ್ತ್ರದವರೊಬ್ಬರು ಸಂದರ್ಭವನ್ನು ತಿಳಿಯಾಗಿಸಲು ಹೇಳಿದರು, "ಮೇಡಂ, ನಿಮ್ಮ ಕೋಪಕ್ಕೇ ಒಂದು ಅರ್ತ್ ಕೊಡ್ಬೇಕು ಮೊದಲು."

"ನನ್ನ ಕೋಪಕ್ಕೆ ಅರ್ತ್ ಉಂಟು ಸರ್. ಇಲ್ಲದಿದ್ರೆ ನೀವು ಇಷ್ಟು ಹೊತ್ತಿಗೆ ಇರ್ತಿರ್ಲಿಲ್ಲ."

ಈ ಜಗಳ ಎಷ್ಟು ದಿನ ನಡೆಯಿತು ಎನ್ನುವುದು ನನಗೆ ಖಚಿತವಿಲ್ಲ. ವಾರಗಳೋ, ಒಂದು ಇಡೀ ಅವಧಿಯೋ. ಅವರು ಪ್ರತಿ ಮೀಟಿಂಗಿನಲ್ಲಿ ಎತ್ತುವುದು, ಇವರು 'ನೋಡುವಾ' ಎನ್ನುವುದು. ಕೊನೆಗೆ ನೋಡಿದ್ದು ಕುಸುಮಕ್ಕ.

ಸ್ಟಾಫ್ ರೂಮಿನ ಮೂಲೆಯಲ್ಲಿ ಚಹಾಕ್ಕೆ ಬಿಸಿನೀರಿನ ಸ್ಟೀಲ್ ಬಾಯ್ಲರ್ ಇತ್ತು. ಒಂದು ದಿನ ಹನ್ನೊಂದು ಗಂಟೆಯ ಬಿಡುವಿಗೆ ಮೊದಲು ಕುಸುಮಕ್ಕ ನೆಲ ಒರೆಸಿ, ಒದ್ದೆ ಕೈಯಲ್ಲಿ ಅದರ ನಲ್ಲಿ ತಿರುಗಿಸಿದರು. ನಾನು ಅಲ್ಲೇ ಇದ್ದೆ. ಅವರು ಕೂಗಲಿಲ್ಲ. ಬಾಯ್ಲರಿಗೆ ಅಂಟಿಕೊಂಡು ಅಲ್ಲಾಡುತ್ತಿದ್ದರು, ಬಾಯಿ ತೆರೆದು, ಸದ್ದಿಲ್ಲದೆ. ನನಗೆ ಏನಾಗುತ್ತಿದೆ ಎಂದು ತಿಳಿಯುವ ಮೊದಲು ಮೇಡಂ ಓಡಿ ಬಂದು ಗೋಡೆಯ ಸ್ವಿಚ್ಚನ್ನು ಹೊಡೆದರು. ಕುಸುಮಕ್ಕ ಬಟ್ಟೆಯ ಗಂಟಿನಂತೆ ಕೆಳಗೆ ಬಿದ್ದರು.

ಬದುಕಿದರು. ಬಲಗೈಯ ಎರಡು ಬೆರಳಿನ ಚರ್ಮ ಸುಟ್ಟು ಕಪ್ಪಾಗಿ, ಗುಣವಾದ ಮೇಲೂ ಅವು ಮಡಚಲು ಬರಲಿಲ್ಲ. ನಾವು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಕಾಲೇಜಿನಲ್ಲಿ ಕಾರಣ ಪತ್ತೆಯಾಗಿತ್ತು: ಒದ್ದೆ ಕೈ, ಬರಿಗಾಲು. ಪರಿಹಾರವೂ ಆಗಿತ್ತು. ಬಾಯ್ಲರಿನ ಮೇಲೆ 'ಒದ್ದೆ ಕೈಯಲ್ಲಿ ಮುಟ್ಟಬಾರದು' ಎಂಬ ಚೀಟಿ, ಕುಸುಮಕ್ಕನಿಗೆ ಕಾಲೇಜಿನ ವತಿಯಿಂದ ಒಂದು ಜೊತೆ ರಬ್ಬರ್ ಚಪ್ಪಲಿ.

ಚಪ್ಪಲಿ! ಇದನ್ನು ಬರೆಯುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಎಲ್ಲರ ಎದುರು ಕೊಟ್ಟರು, ಫೋಟೊ ತೆಗೆದರು.

ಮೇಡಂ ಆ ದಿನ ಜಗಳ ಮಾಡಲಿಲ್ಲ. "ಎಂಡೆ ದೈವಮೇ," ಅಯ್ಯೋ ದೇವರೇ ಎಂದಷ್ಟೇ ಮಲಯಾಳದಲ್ಲಿ ಹೇಳಿ ಲ್ಯಾಬಿಗೆ ಹೋದರು. ಒಂದು ಕಟ್ಟರ್ ತಂದು, ಬಾಯ್ಲರಿನ ಪ್ಲಗ್ಗನ್ನು ಕಿತ್ತು, ವಯರನ್ನು ಬುಡದಲ್ಲೇ ಕಚಕ್ಕನೆ ಕತ್ತರಿಸಿದರು. ಪ್ರಾಂಶುಪಾಲರು, "ಆಫ್ ಮಾಡಿದ್ರೆ ಸಾಕಿತ್ತಲ್ಲ ಮೇಡಂ," ಎಂದರು. ಅದಕ್ಕೆ ಅವರ ಉತ್ತರ ನನ್ನ ದಿನಚರಿಯಲ್ಲೂ ಇದೆ, ಆದ್ದರಿಂದ ಅದು ಅವರದೇ ಮಾತು: "ಆಫ್ ಮಾಡಿದ್ದನ್ನು ಇನ್ನೊಬ್ಬ ಬಂದು ಆನ್ ಮಾಡ್ತಾನೆ ಸರ್."

ಬೆರಳು ಗುಣವಾದ ಮೇಲಿನ ಒಂದು ಭಾನುವಾರ ಅವರು ಮತ್ತು ಕುಸುಮಕ್ಕ ಇಬ್ಬರೇ ಸೇರಿ ಹೊಂಡ ಕೆದಕಿ, ಹೊಸ ಇದ್ದಿಲು, ಉಪ್ಪು ಹಾಕಿ, ತಂತಿಯನ್ನು ಪೈಪಿಗೆ ಬೋಲ್ಟು ಹಾಕಿ ಬಿಗಿದರಂತೆ. ನನಗೆ ಗೊತ್ತಾದದ್ದು ಮರುದಿನ. ಸಂಚಾಲಕರಿಗೂ ಗೊತ್ತಾಯಿತು. ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಆಮೇಲಿನ ಬೇಸಿಗೆಗಳಲ್ಲಿ ದಿನಾ ಸಂಜೆ ಆ ಪೈಪಿನ ಬಾಯಿಗೆ ಒಂದು ಕೊಡ ನೀರು ಹೊಯ್ಯುವುದು ಕುಸುಮಕ್ಕನ ಕೆಲಸವಾಯಿತು. ಮುರಕಲ್ಲಿನ ನೆಲ ಒಣಗಿದರೆ ಕರೆಂಟನ್ನು ಕುಡಿಯುವುದಿಲ್ಲ.

ಎಲೆಕ್ಟ್ರಾನಿಕ್ಸಿಗೆ ಬರುವ ಮಕ್ಕಳು ವರ್ಷ ವರ್ಷ ಕಡಿಮೆಯಾಗಿ, ಎಲ್ಲರೂ ಕಂಪ್ಯೂಟರ್ ಸೈನ್ಸಿಗೆ ಹೋದರು. ವಿಷಯವನ್ನೇ ಮುಚ್ಚಿದರು. ಲ್ಯಾಬಿನ ಬೆಂಚುಗಳನ್ನು ತೆಗೆದು, ಕರ್ಟನ್ ಹಾಕಿ, ಸ್ಮಾರ್ಟ್ ರೂಂ ಮಾಡಿದರು. ಮೇಡಂ ಉಳಿದ ಸೇವೆಯನ್ನು ಕಂಪ್ಯೂಟರ್ ಲ್ಯಾಬಿನಲ್ಲಿ ಬೇರೆಯವರ ಕೈಕೆಳಗೆ ಕಳೆದು ನಿವೃತ್ತರಾದರು. ಹೋಗುವ ದಿನ ಬಲ್ಬನ್ನು ನನ್ನ ಡ್ರಾಯರಿನಲ್ಲಿ ಇಟ್ಟರು. "ನೀವು ಇಟ್ಟುಕೊಳ್ಳಿ. ಕನ್ನಡ ಕಲಿಸುವವರ ಮೇಲೆ ಯಾರಿಗೂ ಸಂಶಯ ಬರುದಿಲ್ಲ."

ಅವರು ಹೋದ ಬೇಸಿಗೆಯಲ್ಲೇ ಹಿಂದಿನ ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಸಿದರು. ತೆಂಗಿನ ಬುಡ ಹೋಯಿತು, ಪೈಪಿನ ಬಾಯಿ ಕಾಣದಾಯಿತು. ನಾನು ಬಲ್ಬು ತೆಗೆದು ನೋಡಿದೆ. ಉರಿಯಲಿಲ್ಲ. ಕಲ್ಲು ಹಾಸುವವರಿಗೆ ಅಡ್ಡ ಬಂದ ತಂತಿಯನ್ನು ಮತ್ತೆ ಕತ್ತರಿಸಿದ್ದರು. ಸಂಚಾಲಕರಿಗೆ ಹೇಳಿದೆ. "ನೋಡುವಾ ಟೀಚರೇ," ಎಂದರು. ಮತ್ತೆ ಹೇಳಿದೆ. "ಈಗಷ್ಟೇ ಹಾಕಿದ ಇಂಟರ್‌ಲಾಕ್, ಎಬ್ಬಿಸ್ಲಿಕ್ಕೆ ಆಗ್ತದಾ?" ಎಂದರು.

ಮೇಡಂ ಪುತ್ತೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ನೋಡಲು ಹೋದೆ. ಕಾಯಿಲೆ ಕರೆಂಟಿನದಲ್ಲ, ಯಾರಿಗೂ ಬರಬಹುದಾದದ್ದು, ವಾಸಿಯಾಗದ್ದು. ಮುಖ ಇಷ್ಟೇ ಆಗಿತ್ತು. ಹತ್ತಿರ ಕರೆದರು. ಕೊನೆಯ ಮಾತೇನೋ ಹೇಳುತ್ತಾರೆ ಎಂದು ನಾನು ಬಗ್ಗಿದೆ.

"ಇಲ್ಲಿ ಅರ್ತ್ ಸರಿ ಉಂಟು ಟೀಚರೇ. ಕೊಟ್ಟಾಯಂ ಕಡೆಯ ನರ್ಸ್ ಒಬ್ಳು ಇದ್ದಾಳೆ, ಅವಳ ಹತ್ರ ಹೇಳಿ ಎಲೆಕ್ಟ್ರಿಷಿಯನ್ನನ್ನು ಕರೆಸಿ ಕೇಳಿದೆ." ಸ್ವಲ್ಪ ಉಸಿರು ತೆಗೆದುಕೊಂಡು, "ನಮ್ದು?" ಎಂದರು.

ನಮ್ಮದು ಏನಾಗಿದೆಯೋ ಅದನ್ನೇ ಹೇಳಿದೆ. ಅವರು ಕಣ್ಣು ಮುಚ್ಚಿ, "ಡ್ರೈ ಸೋಲ್ಡರ್," ಎಂದರು.

ಹಾಗೆ ನಿನ್ನೆಯ ಸಭೆ. ಭಾಷಣಗಳು ಮುಗಿದ ಮೇಲೆ ಸಂಚಾಲಕರು ಎದ್ದು, ಅವರ ನೆನಪಿಗಾಗಿ ಕಾಲೇಜು ಒಂದು ಶಾಶ್ವತ ಕೊಡುಗೆಯನ್ನು ಅರ್ಪಿಸುತ್ತಿದೆ ಎಂದರು. ಎಲ್ಲರೂ ವರಾಂಡಕ್ಕೆ ಬಂದೆವು. ರಿಬ್ಬನ್ ಕಟ್ಟಿದ, ಆಳೆತ್ತರದ, ಹೊಳೆಯುವ ಸ್ಟೀಲಿನ ತಣ್ಣೀರಿನ ಕೂಲರ್. ಅದರ ಎದೆಯ ಮೇಲೆ ಅವರ ಹೆಸರಿನ ಫಲಕ. ಗೋಡೆಯಲ್ಲಿ ಪ್ಲಗ್ಗು, ಸಣ್ಣ ಕೆಂಪು ದೀಪ ಉರಿಯುತ್ತಿತ್ತು. ಮಕ್ಕಳು ಬಾಟಲಿ ಹಿಡಿದು ಸಾಲಾಗಿ ನಿಂತಿದ್ದರು. ನೆಲದಲ್ಲಿ ಆಗಲೇ ನೀರು ಚೆಲ್ಲಿತ್ತು.

ಅದನ್ನು ಬೆಳಿಗ್ಗೆ ಇಳಿಸುವಾಗಲೇ ನೋಡಿದ್ದೆ. ಬ್ಯಾಗಿನಲ್ಲಿ ಬಲ್ಬು ಇತ್ತು. ಮುಂದಿನದನ್ನು ನಾನು ಯೋಚಿಸಿ ಮಾಡಿದೆ ಎಂದು ಬರೆದರೆ ಸುಳ್ಳಾಗುತ್ತದೆ.

"ಯಾರೂ ಎಂತದೂ ಮುಟ್ಬೇಡಿ!"

ನನ್ನ ಗಂಟಲಿನಿಂದ ಅಷ್ಟು ದೊಡ್ಡ ಧ್ವನಿ ಹೊರಟದ್ದಕ್ಕೆ ನನಗೇ ಗಾಬರಿಯಾಯಿತು. ಸಾಲು ಹಿಂದೆ ಸರಿಯಿತು. ಕೂಲರಿನ ಪ್ಲಗ್ಗನ್ನು ಕಿತ್ತು, ಆ ತೂತುಗಳಿಗೆ ಮೊಳೆ ಇಟ್ಟೆ. ಬಲ, ಮೇಲೆ. ಕತ್ತಲೆ.

"ಬಲ್ಬ್ ಹೋಗಿರ್ಬೇಕು ಟೀಚರೇ," ಎಂದರು ಸಂಚಾಲಕರು, ನಗುತ್ತಾ. ಈ ಮಾತನ್ನು ಹಿಂದೆ ಇದೇ ವರಾಂಡದಲ್ಲಿ ಯಾರು ಆಡಿದ್ದರೆಂದು ಅವರಿಗೆ ನೆನಪಿರಲಿಲ್ಲ.

ಬಲ, ಎಡ. ಝಗ್ಗೆಂದು ಉರಿಯಿತು. ಹಿಂದಿನಿಂದ ಕುಸುಮಕ್ಕ ಕೇಳಿದರು, "ಈ ಸಲ ಚಪ್ಪಲಿ ಎಷ್ಟು ಜೊತೆ ತರ್ಸುದು ಸರ್? ಎಲ್ಲ ಮಕ್ಕಳಿಗೂ ಬೇಕಲ್ಲ?"

ಯಾರೂ ನಗಲಿಲ್ಲ. ಹರಿವಾಣದಲ್ಲಿ ರಿಬ್ಬನಿಗೆಂದು ಇಟ್ಟ ಕತ್ತರಿ ಇತ್ತು. ಕೈಗೆತ್ತಿಕೊಂಡೆ. ರಿಬ್ಬನಿನ ಕತ್ತರಿ ಮೂರು ಎಳೆಯ ವಯರಿಗೆ ಸುಲಭದಲ್ಲಿ ಬಗ್ಗಲಿಲ್ಲ. ಹಸಿ ಬಳ್ಳಿಯನ್ನು ಮೊಂಡು ಕತ್ತಿಯಿಂದ ಕೊಯ್ದಂತೆ ಕೊಯ್ಯಬೇಕಾಯಿತು. ಪ್ಲಗ್ಗು ಕೈಗೆ ಬಂದಾಗ, "ಹೊಂಡಕ್ಕೆ ತಂತಿ ಸೇರಿದ ದಿನ ಕೊಡ್ತೇನೆ," ಎಂದು ಬ್ಯಾಗಿಗೆ ಹಾಕಿಕೊಂಡೆ.

ಇಂದು ಭಾನುವಾರ. ಬೆಳಿಗ್ಗೆ ಕುಸುಮಕ್ಕನ ಫೋನು. "ಟೀಚರೇ, ನಾನು ಹಾರೆ ಹಿಡ್ಕೊಂಡು ಕಾಲೇಜಿಗೆ ಬಂದಾಯ್ತು. ನೀವು ಬಲ್ಬ್ ತನ್ನಿ."

ಹೊಂಡ ಎಲ್ಲಿತ್ತೆಂದು ನನಗೆ ಚೆನ್ನಾಗಿ ನೆನಪಿತ್ತು: ತೆಂಗಿನ ಮರವಿದ್ದ ಜಾಗದ ಎಡಕ್ಕೆ. ಕಲ್ಲು ಎಬ್ಬಿಸಿದೆವು. ಕೆಂಪು ಮಣ್ಣು, ಮತ್ತೇನೂ ಇಲ್ಲ. ಕುಸುಮಕ್ಕ ಸೊಂಟಕ್ಕೆ ಕೈಕೊಟ್ಟು ನಿಂತು, "ನಾನು ಹೇಳಿದೆನಲ್ಲ, ಸೈಕಲ್ ಸ್ಟ್ಯಾಂಡಿನ ಹತ್ರ. ನೀವು ಕೇಳಿದ್ದು ಟೀಚರೇ, ನಾನು ಅಗೆದದ್ದು," ಎಂದರು.

ಅಲ್ಲಿ ಎಬ್ಬಿಸಿದೆವು. ಕೆಂಪು ನೆಲದ ನಡುವೆ ಒಂದು ಕರಿಯ ವೃತ್ತ, ಇದ್ದಿಲು. ಪೈಪಿನ ಬಾಯಿ. ಗೋಡೆಯಿಂದ ಇಳಿದ ತಂತಿಯ ಕತ್ತರಿಸಿದ ತುದಿ ಕೈಯಳತೆಯಲ್ಲೇ ಇತ್ತು. ಮೈನ್ ಸ್ವಿಚ್ ಆಫ್ ಮಾಡಿ ಬಂದೆ. ಕುಸುಮಕ್ಕ ತುಕ್ಕು ಉಜ್ಜಿದರು, ನಾನು ಬೋಲ್ಟು ಬಿಗಿದೆ. ಮೇಡಂ ಹೇಗಿದ್ದರು ಎಂದು ಕೇಳಿದೆ, ಅವರಿಬ್ಬರೂ ಹೊಂಡ ಕೆದಕಿದ ಆ ಭಾನುವಾರ. ಸಿಟ್ಟಿನಲ್ಲಿದ್ದರಾ?

"ನಮ್ಮ ಹತ್ರ ಎಂತ ಸಿಟ್ಟು? ಇಡೀ ದಿನ ಪದ್ಯ ಹೇಳ್ತಾ ಇದ್ರು, ಮಲಯಾಳದ್ದು. ನನ್ಗೆ ಒಂದೂ ತಿಳಿಲಿಲ್ಲ."

ಹಾಗಾದರೆ ನಗುಮುಖ ಎಂದವರು ಪೂರ್ತಿ ತಪ್ಪಲ್ಲ. ಆದರೆ ಆ ಮುಖವನ್ನು ಮೇಡಂ ವೇದಿಕೆಯವರಿಗೆ ತೋರಿಸಿರಲಿಲ್ಲ.

ಮೈನ್ ಹಾಕಿ ಬಲ್ಬು ಇಟ್ಟೆವು. ಬಲ್ಬಿನೊಳಗಿನ ತಂತಿ ಮಾತ್ರ ಕೆಂಡದ ಗೆರೆಯಂತೆ ಕೆಂಪಾಯಿತು, ಬೆಳಕಿಲ್ಲ. ಎಷ್ಟೋ ಕಾಲದಿಂದ ನೀರು ಕಾಣದ ನೆಲ. ಮತ್ತೆ ಆಫ್ ಮಾಡಿದೆ. ಕುಸುಮಕ್ಕ ನಲ್ಲಿಯಿಂದ ಕೊಡ ಕೊಡ ನೀರು ತಂದು ಹೊಯ್ದರು. ಪೈಪು ಗುಳುಗುಳು ಎಂದು ಕುಡಿಯಿತು. ಇಂಗುವವರೆಗೆ ಜಗಲಿಯಲ್ಲಿ ಕೂತು ಅವರು ತಂದ ಅವಲಕ್ಕಿ ತಿಂದೆವು. ಆಮೇಲೆ ಮೈನ್ ಹಾಕಿದೆ. ಕಾಲೇಜಿನಲ್ಲಿ ನಾವಿಬ್ಬರೇ ಇದ್ದರೂ ಕುಸುಮಕ್ಕ ದೊಡ್ಡದಾಗಿ ಕೂಗಿದರು, "ಯಾರೂ ಎಂತದೂ ಮುಟ್ಬೇಡಿ!"

ಬಲ್ಬು ಉರಿಯಿತು. ಹಗಲಿನಲ್ಲೂ ಗೋಡೆಯ ಮೇಲೆ ಅದರ ಬೆಳಕು ಬಿತ್ತು.

ಕುಸುಮಕ್ಕ ಸ್ವಲ್ಪ ಹೊತ್ತು ಅದನ್ನೇ ನೋಡಿದರು. "ಇಷ್ಟೇಯಾ ಟೀಚರೇ ಕೆಲಸ?"

"ಇಷ್ಟೇ ಕುಸುಮಕ್ಕ."

ಅವರು ಮಡಚಲು ಬಾರದ ಎರಡು ಬೆರಳುಗಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡರು.

"ಇಷ್ಟಕ್ಕೆಯಾ?"